ತಾತನ ಕಾಲೇಜು, ಮರಿಮಗನ ಜರ್ಸಿ

ಅಮೆರಿಕದ ಮಿಸಿಸಿಪಿ ರಾಜ್ಯದಲ್ಲಿ ಆಕ್ಸ್‌ಫರ್ಡ್ ಅಂತ ಒಂದು ಸಣ್ಣ ಊರಿದೆ. ಅಲ್ಲಿನ ವಿಶ್ವವಿದ್ಯಾಲಯವನ್ನು ಜನ ಪ್ರೀತಿಯಿಂದ 'ಓಲ್ ಮಿಸ್' ಎನ್ನುತ್ತಾರೆ. ಕ್ಯಾಂಪಸ್ ಒಳಗೆ ಕಾರು ಓಡಿಸುವವರಿಗೆ ವೇಗದ ಮಿತಿ ಗಂಟೆಗೆ 18 ಮೈಲಿ. 15 ಅಲ್ಲ, 20 ಅಲ್ಲ, ಸರಿಯಾಗಿ 18. ಟ್ರಾಫಿಕ್ ಲೆಕ್ಕಾಚಾರಕ್ಕೂ ಈ ಸಂಖ್ಯೆಗೂ ಸಂಬಂಧವಿಲ್ಲ. 1968ರಿಂದ 1970ರವರೆಗೆ ಇಲ್ಲಿನ ಫುಟ್‌ಬಾಲ್ ತಂಡದ ಕ್ವಾರ್ಟರ್‌ಬ್ಯಾಕ್ ಆಗಿದ್ದ ಆರ್ಚಿ ಮ್ಯಾನಿಂಗ್ ತೊಡುತ್ತಿದ್ದ ಜರ್ಸಿಯ ನಂಬರ್ ಅದು. ಮುಂದೆ ಅವರ ಮಗ ಈಲೈ ಅದೇ ಕಾಲೇಜಿಗೆ, ಅದೇ ಜಾಗದಲ್ಲಿ ಆಡಿದ. ಅವನ ನಂಬರ್ 10. ಸ್ಟೇಡಿಯಂ ಬಳಿಯ 'ಮ್ಯಾನಿಂಗ್ ವೇ' ಎಂಬ ರಸ್ತೆಯಲ್ಲಿ ಈಗ ಮಿತಿ ಗಂಟೆಗೆ 10 ಮೈಲಿ. ನಮ್ಮ ಲೆಕ್ಕದಲ್ಲಿ 16 ಕಿಲೋಮೀಟರ್. ಸೈಕಲ್ ಸವಾರ ಹಾರ್ನ್ ಹೊಡೆದು ಮುಂದೆ ಹೋಗಬಹುದು.

ಒಂದು ಮನೆತನಕ್ಕೆ ರಸ್ತೆಯ ವೇಗವನ್ನೇ ಬಿಟ್ಟುಕೊಡುವಷ್ಟು ಪ್ರೀತಿ ಎಲ್ಲಿಂದ ಬಂತು? ಅಪ್ಪ ಆಡಿದ ಕಾಲೇಜಿಗೇ ಮಗ, ಮೊಮ್ಮಗ ಹೋಗಿ ಆಡುವುದು ಅಮೆರಿಕದಲ್ಲಿ ಮತ್ತೆ ಮತ್ತೆ ಯಾಕೆ ಆಗುತ್ತದೆ? ಸುಮ್ನೆ 'ರಕ್ತದಲ್ಲೇ ಇದೆ' ಎಂದು ಹೇಳಿ ಮುಗಿಸಬಹುದು. ಟಿವಿ ಕಾಮೆಂಟೇಟರ್‌ಗಳು ಮಾಡುವುದು ಅದನ್ನೇ. ಆದರೆ ಈ ಆಟದ ವ್ಯವಸ್ಥೆಯನ್ನು ಸ್ವಲ್ಪ ಬಿಚ್ಚಿ ನೋಡಿದರೆ ಬೇರೆಯೇ ಸಂಗತಿಗಳು ಸಿಗುತ್ತವೆ.

ಮೊದಲು ಒಂದು ಗೊಂದಲ ಪರಿಹರಿಸಿಬಿಡೋಣ. ಇಲ್ಲಿ ಫುಟ್‌ಬಾಲ್ ಎಂದರೆ ಮೆಸ್ಸಿಯ ಆಟವಲ್ಲ. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಗುದ್ದಾಡಿಕೊಂಡು ಮುಂದೆ ನುಗ್ಗುವ ಅಮೆರಿಕನ್ ಫುಟ್‌ಬಾಲ್. ಅಂಕಣದಲ್ಲಿ ಒಂದೊಂದು ಕಡೆ 11 ಜನ. ಚೆಂಡನ್ನು ಯಾರಿಗೆ ಕೊಡಬೇಕು, ಎಲ್ಲಿಗೆ ಎಸೆಯಬೇಕು ಎಂದು ನಿರ್ಧರಿಸುವವನು ಕ್ವಾರ್ಟರ್‌ಬ್ಯಾಕ್. ಎದುರಾಳಿಯ ದಾಳಿಯನ್ನು ನಡುವೆ ನಿಂತು ತಡೆಯುವವನು ಲೈನ್‌ಬ್ಯಾಕರ್. ಮುಂದೆ ನುಗ್ಗಿ ದಾರಿ ಮಾಡಿಕೊಡುವ ದಪ್ಪ ಭುಜದವನು ಫುಲ್‌ಬ್ಯಾಕ್. ಸದ್ಯಕ್ಕೆ ಇಷ್ಟು ಸಾಕು.

ಇನ್ನೊಂದು ವಿಷಯ. ನಮ್ಮಲ್ಲಿ ಕಾಲೇಜು ತಂಡದ ಪಂದ್ಯ ನೋಡಲು ಆಡುವವರ ಗೆಳೆಯರು ಬಂದರೆ ಅದೇ ದೊಡ್ಡದು. ಅಲ್ಲಿ ಹಾಗಲ್ಲ. ಅತ್ಯುನ್ನತ ದರ್ಜೆಯಲ್ಲೇ 130ಕ್ಕೂ ಹೆಚ್ಚು ಕಾಲೇಜು ತಂಡಗಳಿವೆ. ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಬೀವರ್ ಸ್ಟೇಡಿಯಂನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುತ್ತಾರೆ. ಆ ಊರಿನ ಜನಸಂಖ್ಯೆ ಅದರ ಅರ್ಧದಷ್ಟೂ ಇಲ್ಲ. ಮಿಸಿಸಿಪಿ, ಅಲಬಾಮಾದಂಥ ಎಷ್ಟೋ ರಾಜ್ಯಗಳಲ್ಲಿ ವೃತ್ತಿಪರ ಫುಟ್‌ಬಾಲ್ ತಂಡವೇ ಇಲ್ಲ. ಅಲ್ಲಿನವರಿಗೆ ಕಾಲೇಜು ತಂಡವೇ ಊರಿನ ತಂಡ, ರಾಜ್ಯದ ತಂಡ.

ಈಗ ಅಸಲು ಪ್ರಶ್ನೆಗೆ ಬರೋಣ. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಹೊಸ ಆಟಗಾರನಿಗೆ ತಂಡ ಆರಿಸಿಕೊಳ್ಳುವ ಹಕ್ಕಿಲ್ಲ. ಪ್ರತಿ ವರ್ಷ ಡ್ರಾಫ್ಟ್ ನಡೆಯುತ್ತದೆ. ತಂಡಗಳು ಸರದಿಯಂತೆ ಹುಡುಗರನ್ನು ಎತ್ತಿಕೊಳ್ಳುತ್ತವೆ. 1971ರಲ್ಲಿ ಆರ್ಚಿಯನ್ನು ನ್ಯೂ ಆರ್ಲಿಯನ್ಸ್ ತಂಡ ಎತ್ತಿಕೊಂಡಿತು, ಅವರು ಹೋದರು. 2004ರಲ್ಲಿ ಈಲೈನನ್ನು ಮೊದಲನೆಯವನಾಗಿ ಆರಿಸಿದ್ದು ಸ್ಯಾನ್ ಡಿಯೆಗೊ. ಅಲ್ಲಿ ಆಡಲು ಇಷ್ಟವಿಲ್ಲ ಎಂದು ಅವನ ಕಡೆಯವರು ಮೊದಲೇ ಹೇಳಿದ್ದರು. ಅದೇ ದಿನ ಅವನನ್ನು ನ್ಯೂಯಾರ್ಕ್ ಜೈಂಟ್ಸ್‌ಗೆ ಬದಲಾಯಿಸಿಕೊಂಡರು. ಆ 'ಒಲ್ಲೆ' ಎಷ್ಟು ಅಪರೂಪದ್ದೆಂದರೆ ಇಪ್ಪತ್ತು ವರ್ಷ ಕಳೆದರೂ ಜನ ಅದರ ಬಗ್ಗೆ ಮಾತಾಡುತ್ತಾರೆ.

ಕಾಲೇಜಿನ ಮಟ್ಟದಲ್ಲಿ ಆಯ್ಕೆ ಹುಡುಗನ ಕೈಯಲ್ಲಿದೆ. ಕೋಚ್‌ಗಳು ಅವನ ಮನೆಗೆ ಬರುತ್ತಾರೆ, ಸೋಫಾದ ಮೇಲೆ ಕೂತು ಅಪ್ಪ ಅಮ್ಮನ ಹತ್ತಿರ ಮಾತಾಡುತ್ತಾರೆ, ನಮ್ಮಲ್ಲಿಗೆ ಕಳಿಸಿ ಎಂದು ಕೇಳುತ್ತಾರೆ. ಹೆಚ್ಚುಕಡಿಮೆ ಹೆಣ್ಣು ನೋಡುವ ಶಾಸ್ತ್ರ. ಹದಿನೇಳು ವರ್ಷದ ಹುಡುಗ ಆರಿಸಬೇಕಾದಾಗ ಚಿಕ್ಕಂದಿನಿಂದ ಶನಿವಾರ ಶನಿವಾರ ನೋಡಿದ ಸ್ಟೇಡಿಯಂ, ಗೋಡೆಯ ಮೇಲೆ ತೂಗುಹಾಕಿದ ಅಪ್ಪನ ಫೋಟೊ, ಊಟದ ಮೇಜಿನ ಮೇಲೆ ನೂರು ಸಲ ಕೇಳಿದ ಕತೆ ಎಲ್ಲವೂ ತಕ್ಕಡಿಯ ಒಂದು ಕಡೆ ಕೂರುತ್ತವೆ. ಉಳಿದ ಕಾಲೇಜುಗಳು ಇನ್ನೊಂದು ಕಡೆ.

ಎರಡನೆಯದು ಸೀಟಿನ ಲೆಕ್ಕ. ಎನ್‌ಎಫ್‌ಎಲ್ ತಂಡದಲ್ಲಿ 53 ಜನ. ಕಾಲೇಜು ತಂಡದಲ್ಲಿ ಬಹಳ ಕಾಲ 85 ಸ್ಕಾಲರ್‌ಶಿಪ್‌ಗಳಿದ್ದವು. ಎಂದರೆ 85 ಹುಡುಗರಿಗೆ ಫೀಸು, ರೂಮು, ಊಟ ಎಲ್ಲ ಕಾಲೇಜಿನದು. ಅದರ ಮೇಲೆ ಇನ್ನಷ್ಟು ಹುಡುಗರು ಸ್ವಂತ ಖರ್ಚಿನಲ್ಲಿ ಓದುತ್ತಾ ತಂಡದ ಜೊತೆ ಅಭ್ಯಾಸ ಮಾಡುತ್ತಿದ್ದರು. ಇವರಿಗೆ 'ವಾಕ್-ಆನ್' ಎನ್ನುತ್ತಾರೆ, ತಾವಾಗಿಯೇ ನಡೆದು ಬಂದವರು. ಎಲ್ಲ ಸೇರಿ ತಂಡ 120ರ ಆಸುಪಾಸು. ಇವರಲ್ಲಿ ಯಾರೂ ಹತ್ತು ವರ್ಷ ಕೂರುವಂತಿಲ್ಲ. ಐದು ವರ್ಷದೊಳಗೆ ನಾಲ್ಕು ಸೀಸನ್ ಆಡಬಹುದು, ಆಮೇಲೆ ಜಾಗ ಖಾಲಿ ಮಾಡಬೇಕು. ಆಡದೆ ಕಳೆಯುವ ಆ ಒಂದು ವರ್ಷಕ್ಕೆ 'ರೆಡ್‌ಶರ್ಟ್' ಎಂದು ಹೆಸರು. ಹೀಗಾಗಿ ಪ್ರತಿ ವರ್ಷ ಕಾಲು ಭಾಗ ತಂಡ ಹೋಗುತ್ತದೆ, ಕಾಲು ಭಾಗ ಹೊಸದಾಗಿ ಬರುತ್ತದೆ. ಹಳೆಯ ಆಟಗಾರನ ಮಗ ನುಸುಳಲು ಬಾಗಿಲು ವರ್ಷ ವರ್ಷವೂ ತೆರೆಯುತ್ತದೆ.

ನುಸುಳಿದ ಮೇಲೆ ಏನು? ಅದಕ್ಕೆ ಕ್ಲೇ ಮ್ಯಾಥ್ಯೂಸ್‌ನ ಕತೆ ಕೇಳಿ. ಈ ಹೆಸರಿನವರು ಮೂವರಿದ್ದಾರೆ: ತಾತ, ಅಪ್ಪ, ಮಗ. ನಾನು ಹೇಳುತ್ತಿರುವುದು ಮಗನ ಬಗ್ಗೆ. ಅಪ್ಪ ಕ್ಲೇ ಮತ್ತು ಚಿಕ್ಕಪ್ಪ ಬ್ರೂಸ್ ಇಬ್ಬರೂ ಲಾಸ್ ಏಂಜಲೀಸ್‌ನ ಯುಎಸ್‌ಸಿ ವಿಶ್ವವಿದ್ಯಾಲಯಕ್ಕೆ ಆಡಿದವರು, ಇಬ್ಬರೂ ಎನ್‌ಎಫ್‌ಎಲ್‌ನಲ್ಲಿ 19 ವರ್ಷ ಉಳಿದವರು. ಇಷ್ಟೆಲ್ಲ ಹಿನ್ನೆಲೆ ಇದ್ದರೂ 2004ರಲ್ಲಿ ಮಗ ಯುಎಸ್‌ಸಿಗೆ ಬಂದಿದ್ದು ವಾಕ್-ಆನ್ ಆಗಿ. ಸ್ಕಾಲರ್‌ಶಿಪ್ ಸಿಕ್ಕಿದ್ದು ಆಮೇಲೆ. ಆರಂಭಿಕ ಹನ್ನೊಂದರಲ್ಲಿ ಜಾಗ ಸಿಕ್ಕಿದ್ದು ಕೊನೆಯ ವರ್ಷ, 2008ರಲ್ಲಿ. ಮರುವರ್ಷ ಗ್ರೀನ್ ಬೇ ತಂಡ ಅವನನ್ನು ಮೊದಲ ಸುತ್ತಿನಲ್ಲೇ ಎತ್ತಿಕೊಂಡಿತು, ಮುಂದೆ ಎನ್‌ಎಫ್‌ಎಲ್‌ನ ಫೈನಲ್ ಪಂದ್ಯವಾದ ಸೂಪರ್ ಬೌಲ್ ಕೂಡ ಗೆದ್ದ. ಮನೆತನದ ಹೆಸರು ಬಾಗಿಲು ತೆರೆಸಿತು. ಒಳಗೆ ಬಂದ ಮೇಲೆ ನಾಲ್ಕು ವರ್ಷ ಬೆಂಚಿನ ಮೇಲೆ ಕೂರಿಸಿದ್ದನ್ನು ಆ ಹೆಸರಿನಿಂದ ತಪ್ಪಿಸಲಾಗಲಿಲ್ಲ.

ಇಲ್ಲಿ ಕೊಡಗಿನ ಹಾಕಿ ನೆನಪಾಗುತ್ತದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಶುರು ಮಾಡಿದ ಆ ಹಬ್ಬದಲ್ಲಿ ಮನೆತನವೇ ತಂಡ. ಸಂಬಂಧವೇ ಅರ್ಹತೆ. ಅಮೆರಿಕದ ಕಾಲೇಜಿನಲ್ಲಿ ಸಂಬಂಧ ಅರ್ಹತೆಯಲ್ಲ, ಪರಿಚಯಪತ್ರ ಅಷ್ಟೇ.

ಎಲ್ಲಕ್ಕಿಂತ ನನಗೆ ಕುತೂಹಲ ಹುಟ್ಟಿಸುವುದು ಪೆನ್ ಸ್ಟೇಟ್‌ನ ಒಂದು ಕುಟುಂಬ. ನಾಲ್ಕು ತಲೆಮಾರು ಅದೇ ತಂಡ. ಆದರೆ ಮೊದಲ ತಲೆಮಾರಿನ ಹೆಸರು ಹಿಗಿನ್ಸ್, ಉಳಿದ ಮೂರರದ್ದು ಸೂಹಿ. ಹೆಸರು ಯಾಕೆ ಬದಲಾಯಿತು ಎಂದು ಹುಡುಕಿದರೆ ಕತೆಯ ನಡುವೆ ಒಬ್ಬ ಹೆಣ್ಣುಮಗಳು ಸಿಗುತ್ತಾಳೆ.

ಬಾಬ್ ಹಿಗಿನ್ಸ್ ಮೊದಲ ಮಹಾಯುದ್ಧದ ಆಚೀಚೆ ಪೆನ್ ಸ್ಟೇಟ್‌ಗೆ ಆಡಿದರು. 1915ರಲ್ಲಿ ಒಮ್ಮೆ, ಯುದ್ಧ ಮುಗಿದ ಮೇಲೆ 1919ರಲ್ಲಿ ಇನ್ನೊಮ್ಮೆ ದೇಶದ ಅತ್ಯುತ್ತಮ ಆಟಗಾರರ ಪಟ್ಟಿ ಸೇರಿದರು. 1930ರಿಂದ 1948ರವರೆಗೆ ಅಲ್ಲೇ ಕೋಚ್. ಎರಡನೇ ಮಹಾಯುದ್ಧ ಮುಗಿಸಿ ವಾಪಸ್ ಬಂದ ಸ್ಟೀವ್ ಸೂಹಿ ಎಂಬ ಗಟ್ಟಿಮುಟ್ಟಾದ ಹುಡುಗ ಅವರ ತಂಡದಲ್ಲಿದ್ದ. ಅವನೂ 1947ರಲ್ಲಿ ಅದೇ ದೇಶಮಟ್ಟದ ಪಟ್ಟಿಗೆ ಸೇರಿದ. ಮುಂದೆ ಕೋಚ್ ಮಗಳು ವರ್ಜೀನಿಯಾಳನ್ನು ಮದುವೆಯಾದ. ಮನೆಯಲ್ಲಿ ಅವಳನ್ನು ಜಿಂಜರ್ ಎಂದು ಕರೆಯುತ್ತಿದ್ದರು.

1947ರ ಆ ತಂಡದ ಬಗ್ಗೆ ಸ್ವಲ್ಪ ನಿಲ್ಲಬೇಕು. ಒಂದೂ ಪಂದ್ಯ ಸೋಲದೆ ಅವರು ಡಲ್ಲಾಸ್‌ನ ಕಾಟನ್ ಬೌಲ್‌ಗೆ ಆಯ್ಕೆಯಾದರು. ಬೌಲ್ ಎಂದರೆ ಸೀಸನ್ ಮುಗಿದ ಮೇಲೆ ಆಯ್ದ ತಂಡಗಳಿಗೆ ನಡೆಸುವ ವಿಶೇಷ ಪಂದ್ಯ. ತಂಡದಲ್ಲಿ ವಾಲಿ ಟ್ರಿಪ್ಲೆಟ್, ಡೆನಿ ಹಾಗರ್ಡ್ ಎಂಬ ಇಬ್ಬರು ಕಪ್ಪು ವರ್ಣದ ಆಟಗಾರರಿದ್ದರು. ಡಲ್ಲಾಸ್‌ನಲ್ಲಿ ಆಗ ವರ್ಣಭೇದ, ಇಡೀ ತಂಡಕ್ಕೆ ಒಟ್ಟಿಗೆ ಹೋಟೆಲ್ ಸಿಗುವಂತಿರಲಿಲ್ಲ. ತಂಡ ಊರ ಹೊರಗಿನ ನೌಕಾನೆಲೆಯಲ್ಲಿ ಉಳಿದುಕೊಂಡಿತು. 1948ರ ಜನವರಿ 1ರಂದು ಆಡಿತು, 13-13ರಲ್ಲಿ ಪಂದ್ಯ ಸಮವಾಯಿತು. ಸಮ ಮಾಡಿದ ಟಚ್‌ಡೌನ್, ಎಂದರೆ ಚೆಂಡನ್ನು ಗೋಲ್ ಗೆರೆ ದಾಟಿಸಿ ಗಳಿಸುವ ಅಂಕ, ಟ್ರಿಪ್ಲೆಟ್‌ನದು. ಆ ಇಬ್ಬರನ್ನು ಬಿಟ್ಟು ಆಡೋಣವೇ ಎಂದು ಮೀಟಿಂಗ್ ಕರೆಯುವ ಮಾತು ಬಂದಾಗ ಸ್ಟೀವ್ ಸೂಹಿ, "ನಾವು ಪೆನ್ ಸ್ಟೇಟ್. ಮೀಟಿಂಗ್ ಗೀಟಿಂಗ್ ಏನೂ ಇಲ್ಲ" ಎಂದನಂತೆ. ಇವತ್ತು ಸ್ಟೇಡಿಯಂನಲ್ಲಿ ಲಕ್ಷ ಜನ ಕೂಗುವ 'ವಿ ಆರ್ ಪೆನ್ ಸ್ಟೇಟ್' ಘೋಷಣೆ ಹುಟ್ಟಿದ್ದೇ ಹಾಗೆ ಎನ್ನುತ್ತಾರೆ. ನಿಜಕ್ಕೂ ಆ ಕೂಗನ್ನು ಶುರು ಮಾಡಿದ್ದು 1970ರ ದಶಕದ ಚಿಯರ್‌ಲೀಡರ್‌ಗಳು. ಆದರೆ ಕತೆ ಹೋಗಿ ಸೂಹಿಗೇ ಅಂಟಿಕೊಂಡಿತು ನೋಡಿ. ಊರಲ್ಲಿ ಒಂದು ದೊಡ್ಡ ಮನೆ ಇದ್ದರೆ ಊರಿನ ಕತೆಗಳೆಲ್ಲ ಕೊನೆಗೆ ಆ ಮನೆಯ ಜಗಲಿಗೇ ಬಂದು ಕೂರುತ್ತವೆ.

ಸೂಹಿ ಮನೆ ಹಾಗೇ ಇತ್ತು. 1950ರಲ್ಲಿ ಜೋ ಪಟರ್ನೊ ಎಂಬ ಹೊಸ ಸಹಾಯಕ ಕೋಚ್ ಊರಿಗೆ ಬಂದಾಗ, ಶುರುವಿನಲ್ಲಿ ಉಳಿದುಕೊಂಡಿದ್ದು ಸ್ಟೀವ್ ಮತ್ತು ಜಿಂಜರ್ ಮನೆಯಲ್ಲಿ. ಆ ಪಟರ್ನೊ ಮುಂದೆ 1966ರಿಂದ 2011ರವರೆಗೆ ಮುಖ್ಯ ಕೋಚ್ ಆದರು. ಈಗ ಯೋಚಿಸಿ. ಜಿಂಜರ್‌ಗೆ ಅಪ್ಪ ಕೋಚ್, ಗಂಡ ಆಟಗಾರ, ಮನೆಯಲ್ಲಿ ಇದ್ದು ಹೋದ ಹುಡುಗ ಮುಂದಿನ ಕೋಚ್. 1970ರ ದಶಕದಲ್ಲಿ ಅವಳ ಮೂವರು ಗಂಡುಮಕ್ಕಳು ಲ್ಯಾರಿ, ಪಾಲ್, ಮ್ಯಾಟ್ ಒಬ್ಬರ ಹಿಂದೆ ಒಬ್ಬರು ಅದೇ ತಂಡಕ್ಕೆ ಹೋದರು. ಬೇರೆ ಎಲ್ಲಿಗಾದರೂ ಹೋಗಿದ್ದರೆ ಆಶ್ಚರ್ಯಪಡಬೇಕಿತ್ತು.

ಮನೆತನದ ದಾಖಲೆಯಲ್ಲಿ ಹಿಗಿನ್ಸ್ ಇದ್ದಾರೆ, ಸೂಹಿಗಳಿದ್ದಾರೆ. ಇಬ್ಬರನ್ನೂ ಕಟ್ಟಿದ ಗಂಟು ಮಾತ್ರ ಒಂದು ದಿನವೂ ಹೆಲ್ಮೆಟ್ ಹಾಕಿದವಳಲ್ಲ. ಇಂಗ್ಲಿಷಿನಲ್ಲಿ ಇಂಥ ಮನೆಗಳ ಪಟ್ಟಿ ಮಾಡುವಾಗ ಅಪ್ಪ-ಮಗ, ಅಪ್ಪ-ಮಗ ಎಂದೇ ಬರೆದುಕೊಂಡು ಹೋಗುತ್ತಾರೆ. ಕನ್ನಡದಲ್ಲಿ ಹೇಳುವುದೇ ಒಳ್ಳೆಯದು: ಮಾವ, ಅಳಿಯ, ಮಗಳ ಮಕ್ಕಳು. ಎರಡನೇ ತಲೆಮಾರಿನಲ್ಲಿ ಆಟ ದಾಟಿದ್ದು ರಕ್ತದಿಂದಲೇ ಅಲ್ಲ, ತವರುಮನೆಯಿಂದ. ಬೇರೆ ಕುಟುಂಬಗಳಲ್ಲೂ ಹುಡುಕಿದರೆ ಇಂಥದ್ದು ಜಾಸ್ತಿಯೇ ಸಿಕ್ಕೀತು ಎಂದು ನನ್ನ ಅನುಮಾನ. ಆರ್ಚಿ ಮ್ಯಾನಿಂಗ್ ಪತ್ನಿ ಒಲಿವಿಯಾ ಕೂಡ ಓಲ್ ಮಿಸ್‌ನವರೇ, ಓದುವಾಗ ಅಲ್ಲಿನ ಹೋಮ್‌ಕಮಿಂಗ್ ಕ್ವೀನ್, ಎಂದರೆ ಹಳೆಯ ವಿದ್ಯಾರ್ಥಿಗಳು ಬಂದು ಸೇರುವ ಹಬ್ಬದ ರಾಣಿ, ಆಗಿದ್ದವರು. ಮನೆಯಲ್ಲಿ ಕಾಲೇಜಿನ ಕತೆ ಹೇಳುತ್ತಿದ್ದವರು ಒಬ್ಬರಲ್ಲ, ಇಬ್ಬರು.

ಸೂಹಿ ಸೋದರರ ದೊಡ್ಡ ದಿನ 1979ರ ಜನವರಿ 1. ನ್ಯೂ ಆರ್ಲಿಯನ್ಸ್‌ನಲ್ಲಿ ಶುಗರ್ ಬೌಲ್. ಪೆನ್ ಸ್ಟೇಟ್ ದೇಶದಲ್ಲಿ ಒಂದನೇ ಸ್ಥಾನ, ಎದುರಿಗೆ ಎರಡನೇ ಸ್ಥಾನದ ಅಲಬಾಮಾ. ಗೆದ್ದವರಿಗೆ ರಾಷ್ಟ್ರೀಯ ಪಟ್ಟ. ಲೈನ್‌ಬ್ಯಾಕರ್ ಪಾಲ್ ತಂಡದ ಇಬ್ಬರು ನಾಯಕರಲ್ಲಿ ಒಬ್ಬ. ತಮ್ಮ ಮ್ಯಾಟ್ ಫುಲ್‌ಬ್ಯಾಕ್. ಕೊನೆಯ ಕಾಲುಭಾಗದಲ್ಲಿ ಪೆನ್ ಸ್ಟೇಟ್ 14-7ರಿಂದ ಹಿಂದಿದೆ, ಚೆಂಡು ಗೋಲ್ ಗೆರೆಯಿಂದ ಒಂದೇ ಹೆಜ್ಜೆ ಹಿಂದೆ. ಮೂರನೇ ಯತ್ನದಲ್ಲಿ ಚೆಂಡನ್ನು ಕೊಟ್ಟಿದ್ದು ಮ್ಯಾಟ್‌ಗೆ. ಅವನು ಗುಂಪಿನ ಮೇಲೆ ಹಾರಿದ. ಬಿದ್ದಾಗ ಗೆರೆ ಇನ್ನೂ ಒಂದು ಗೇಣಿನಷ್ಟು ದೂರ. ನಾಲ್ಕನೇ, ಕೊನೆಯ ಯತ್ನದಲ್ಲಿ ಮೈಕ್ ಗುಮನ್ ನುಗ್ಗಿದ. ಅಲಬಾಮಾದ ಬ್ಯಾರಿ ಕ್ರಾಸ್ ತಲೆಗೆ ತಲೆ ಕೊಟ್ಟು ಅವನನ್ನು ತಡೆದ. ಅಲ್ಲಿಗೆ ಆಸೆ ಮುಗಿಯಿತು, 14-7ರಲ್ಲೇ ಪಂದ್ಯವೂ ಮುಗಿಯಿತು. ತಾತ ಆಡಿದ, ಕಲಿಸಿದ, ಅಪ್ಪ ಆಡಿದ ತಂಡಕ್ಕೆ ಮೊದಲ ರಾಷ್ಟ್ರೀಯ ಪಟ್ಟ ತಂದುಕೊಡುವ ಅವಕಾಶ ಒಂದು ಗೇಣಿನಲ್ಲಿ ತಪ್ಪಿತು. ಮ್ಯಾಟ್ ಮುಂದೆ ಶಿಕಾಗೊ ಬೇರ್ಸ್‌ಗೆ ಹೋಗಿ, 1986ರ ಸೂಪರ್ ಬೌಲ್‌ನಲ್ಲಿ ಟಚ್‌ಡೌನ್ ಹೊಡೆದ. ಅದು ಬೇರೆ ಮಾತು. ನಾಲ್ಕನೇ ತಲೆಮಾರಿನಲ್ಲಿ ಪಾಲ್ ಮಗ ಕೆವಿನ್, ಮ್ಯಾಟ್ ಮಗ ಜೋ ಪೆನ್ ಸ್ಟೇಟ್ ಸೇರಿದರು. 2011ರ ತಂಡದಲ್ಲಿ ಜೋ ಅಪ್ಪನ ಹಾಗೇ ಫುಲ್‌ಬ್ಯಾಕ್.

ಒಂದೇ ಕಾಲೇಜು ಮಾತ್ರವಲ್ಲ, ಒಂದೇ ಜಾಗವೂ ದಾಟಿ ಬರುವುದು ಇನ್ನೂ ತಮಾಷೆ. ಮಿಶಿಗನ್ ಸ್ಟೇಟ್‌ನ ಬುಲೊ ಕುಟುಂಬವನ್ನೇ ನೋಡಿ. ತಾತ ಹ್ಯಾಂಕ್ 1950ರ ದಶಕದಲ್ಲಿ ಅಲ್ಲಿ ಗಾರ್ಡ್ ಆಗಿ, ಎಂದರೆ ಮುಂದಿನ ಸಾಲಿನಲ್ಲಿ ಆಡಿದರು. ಅವರ ಮಕ್ಕಳು ಶೇನ್ ಮತ್ತು ಚಕ್ ಅಲ್ಲೇ ಲೈನ್‌ಬ್ಯಾಕರ್‌ಗಳು. ಶೇನ್ ಮಕ್ಕಳಾದ ಮ್ಯಾಕ್ಸ್, ರೈಲಿ, ಬೈರನ್ ಮೂವರೂ ಮಿಶಿಗನ್ ಸ್ಟೇಟ್, ಮೂವರೂ ಲೈನ್‌ಬ್ಯಾಕರ್‌ಗಳೇ. ಇದರಲ್ಲಿ ಮೈಕಟ್ಟಿನ ಪಾಲು ಇದೆ, ಇಲ್ಲ ಎನ್ನಲಾಗದು. ಆದರೆ ಲೈನ್‌ಬ್ಯಾಕರ್ ಕೆಲಸದಲ್ಲಿ ಬಲಕ್ಕಿಂತ ಮುಖ್ಯವಾದದ್ದು ಎದುರಾಳಿ ನಿಂತ ಭಂಗಿ ನೋಡಿ ಮುಂದೇನಾಗುತ್ತದೆ ಎಂದು ಒಂದು ಕ್ಷಣ ಮೊದಲೇ ಊಹಿಸುವುದು. ಅದನ್ನು ಕಲಿಸಲು ಮನೆಯಲ್ಲೇ ಮೇಷ್ಟ್ರಿದ್ದರೆ ಹುಡುಗ ಹತ್ತು ವರ್ಷಕ್ಕೇ ಪಾಠ ಶುರು ಮಾಡಿರುತ್ತಾನೆ. ಅಕ್ಕಸಾಲಿಗನ ಮಗ ತೂಕ ನೋಡುವುದನ್ನು ಯಾರೂ ಕೂರಿಸಿ ಕಲಿಸುವುದಿಲ್ಲ, ಅಲ್ವಾ? ನೋಟರ್ ಡೇಮ್‌ನ ಗೋಲಿಕ್ ಮನೆಯದೂ ಇದೇ ಥರ: ಬಾಬ್, ಗ್ರೆಗ್, ಮೈಕ್ ಎಂಬ ಮೂವರು ಸೋದರರು, ಆಮೇಲೆ ಮೈಕ್ ಮಕ್ಕಳಿಬ್ಬರು.

ಈ ಬಂಧಕ್ಕೆ ಇನ್ನೊಂದು ಮುಖವೂ ಇದೆ. ಆರ್ಚಿ ಮ್ಯಾನಿಂಗ್ ಹಿರಿಯ ಮಗ ಕೂಪರ್, ಒಳ್ಳೆಯ ರಿಸೀವರ್, ಕ್ವಾರ್ಟರ್‌ಬ್ಯಾಕ್ ಎಸೆದ ಚೆಂಡನ್ನು ಹಿಡಿಯುವವನು. ಅಪ್ಪನ ಓಲ್ ಮಿಸ್‌ಗೇ ಸೇರಿದ. ಕೈ ಮರಗಟ್ಟಲು ಶುರುವಾಯಿತು. ಪರೀಕ್ಷೆ ಮಾಡಿದರೆ ಬೆನ್ನುಮೂಳೆಯ ನಾಳ ಕಿರಿದಾಗಿರುವ ತೊಂದರೆ. 1992ರಲ್ಲಿ ಆಟ ಅಲ್ಲಿಗೇ ನಿಂತಿತು. ಎರಡನೆಯವನು ಪೇಟನ್. ಇವನೂ ಓಲ್ ಮಿಸ್‌ಗೇ ಬರುತ್ತಾನೆ ಎಂದು ಮಿಸಿಸಿಪಿಯವರು ಗಟ್ಟಿಯಾಗಿ ನಂಬಿದ್ದರು. 1994ರಲ್ಲಿ ಅವನು ಟೆನೆಸಿಗೆ ಹೋದ. ಮನೆಗೆ ಸಿಟ್ಟಿನ ಪತ್ರಗಳು ಬಂದವು. ಹುಡುಗ ಬೇರೆ ಕಾಲೇಜು ಆರಿಸಿಕೊಂಡಿದ್ದಕ್ಕೆ ಅಪ್ಪನಿಗೆ ಬೈಗುಳ! ಸ್ವಂತ ಮಗಳು ಬೇರೆ ಊರಿನ ಹುಡುಗನನ್ನು ಮದುವೆಯಾದರೂ ಇಷ್ಟು ಮಾತು ಬರುತ್ತಿರಲಿಲ್ಲವೇನೋ.

ಹಾಗಾದರೆ ಮೂರನೆಯವನು ಈಲೈ ಓಲ್ ಮಿಸ್‌ಗೆ ಯಾಕೆ ಬಂದ? ಅಪ್ಪನ ನೆರಳು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಇನ್ನೊಂದು ಲೌಕಿಕ ಕಾರಣವಿದೆ. ಟೆನೆಸಿಯಲ್ಲಿ ಪೇಟನ್‌ನನ್ನು ತಿದ್ದಿದ ಡೇವಿಡ್ ಕಟ್‌ಕ್ಲಿಫ್ 1998ರ ಕೊನೆಗೆ ಓಲ್ ಮಿಸ್ ಮುಖ್ಯ ಕೋಚ್ ಆದರು. ಮನೆಗೆ ಪರಿಚಯದವರು, ಅಣ್ಣನ ಗುರು. 1999ರಲ್ಲಿ ಈಲೈ ಸೇರಿದ, ಒಂದು ವರ್ಷ ರೆಡ್‌ಶರ್ಟ್ ಹಾಕಿದ. ಕೊನೆಯ ಪಂದ್ಯ 2004ರ ಜನವರಿಯ ಕಾಟನ್ ಬೌಲ್. ಒಕ್ಲಹೋಮ ಸ್ಟೇಟ್ ವಿರುದ್ಧ 31-28ರ ಗೆಲುವು. ಹೊಸ ವರ್ಷದ ಹೊತ್ತಿನ ದೊಡ್ಡ ಬೌಲ್ ಒಂದನ್ನು ಓಲ್ ಮಿಸ್ ಅದಕ್ಕೂ ಮೊದಲು ಗೆದ್ದಿದ್ದು 1970ರಲ್ಲಿ, ಶುಗರ್ ಬೌಲ್. ಆಗ ಕ್ವಾರ್ಟರ್‌ಬ್ಯಾಕ್ ಯಾರಿದ್ದರು ಎಂದು ಹೇಳಬೇಕಾಗಿಲ್ಲ. ನಡುವಿನ ಮೂವತ್ತನಾಲ್ಕು ವರ್ಷ ಊರು ಕಾದಿತ್ತು. ಆ ಊರಿನ ರಸ್ತೆಗಳಲ್ಲಿ ಕಾರುಗಳು ಯಾಕೆ ನಿಧಾನ ಹೋಗುತ್ತವೆ ಎಂದು ಈಗ ಸ್ವಲ್ಪ ಅರ್ಥವಾಗುತ್ತದೆ.

ಈ ಇಡೀ ವ್ಯವಸ್ಥೆ ಈಗ ಅಲುಗಾಡುತ್ತಿದೆ. 2018ರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಬಂತು. ಕಾಲೇಜು ಬಿಡಬೇಕೆನ್ನುವ ಆಟಗಾರ ಅದರಲ್ಲಿ ಹೆಸರು ಹಾಕಿದರೆ ಸಾಕು, ಬೇರೆ ಕೋಚ್‌ಗಳು ಸಂಪರ್ಕಿಸಬಹುದು. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನ ದುಡ್ಡು ಮಾಡಬಹುದು. 2025ರಿಂದ, ಮೊಕದ್ದಮೆಯೊಂದರ ರಾಜಿ ಒಪ್ಪಂದದಂತೆ, ಕಾಲೇಜುಗಳೇ ಆದಾಯದಲ್ಲಿ ಪಾಲು ಕೊಡಬಹುದು. ದುಡ್ಡಿನ ಸುದ್ದಿ ಎಲ್ಲರೂ ಬರೆದಿದ್ದಾರೆ. ನಮ್ಮ ವಿಷಯಕ್ಕೆ ಅದಕ್ಕಿಂತ ಹತ್ತಿರದ್ದು ಅದೇ ಒಪ್ಪಂದದ ಇನ್ನೊಂದು ಸಣ್ಣ ಸಾಲು. 85 ಸ್ಕಾಲರ್‌ಶಿಪ್‌ಗಳ ಮಿತಿ ಹೋಯಿತು. ಅದರ ಬದಲು ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ ತಂಡದ ಒಟ್ಟು ಬಲಕ್ಕೇ 105ರ ಮಿತಿ ಬಂತು. 120ರಿಂದ 105ಕ್ಕೆ ಇಳಿದಾಗ ಕತ್ತರಿ ಬೀಳುವುದು ಯಾರ ಮೇಲೆ? ಬೆಂಚಿನ ಕೊನೆಯಲ್ಲಿ ಕೂತ ವಾಕ್-ಆನ್ ಹುಡುಗರ ಮೇಲೆ. ಕ್ಲೇ ಮ್ಯಾಥ್ಯೂಸ್ 2004ರಲ್ಲಿ ಕೂತಿದ್ದ ಜಾಗ ಅದೇ. ಅಪ್ಪನ ಕಾಲೇಜಿನಲ್ಲಿ ಒಂದು ಅವಕಾಶ ಕೊಟ್ಟು ನೋಡಿ ಎಂದು ಬರುವ ಸಾಧಾರಣ ಹುಡುಗನಿಗೆ ಆ ಬಾಗಿಲು ಕಿರಿದಾಗಿದೆ. ಪ್ರತಿಭೆ ಜಾಸ್ತಿ ಇರುವ ಹುಡುಗನಿಗೋ ಎಲ್ಲ ಬಾಗಿಲುಗಳೂ ತೆರೆದಿವೆ. ಅವನು ಅಪ್ಪನದನ್ನೇ ತಟ್ಟಬೇಕೆಂದಿಲ್ಲ.

2022ರ ಜೂನ್‌ನಲ್ಲಿ ಅಂಥ ಒಬ್ಬ ಹುಡುಗ ಆಯ್ಕೆ ಮಾಡಬೇಕಿತ್ತು. ಕೂಪರ್ ಮಗ, ಆರ್ಚಿ ಮೊಮ್ಮಗ. ಹೆಸರೂ ತಾತನದೇ, ಆರ್ಚ್ ಮ್ಯಾನಿಂಗ್. ಅವನೂ ಕ್ವಾರ್ಟರ್‌ಬ್ಯಾಕ್. ತಾತ, ಚಿಕ್ಕಪ್ಪ ಆಡಿದ, ಅಪ್ಪ ಆಡಬೇಕಾಗಿದ್ದ ಓಲ್ ಮಿಸ್ ಬಿಟ್ಟು ಅವನು ಟೆಕ್ಸಾಸ್ ಆರಿಸಿಕೊಂಡ. ಅಲ್ಲಿ ತೊಡುವ ನಂಬರ್ 16, ಇನ್ನೊಬ್ಬ ಚಿಕ್ಕಪ್ಪ ಪೇಟನ್ ಟೆನೆಸಿಯಲ್ಲಿ ತೊಟ್ಟದ್ದು. ಓಲ್ ಮಿಸ್‌ಗೆ ಹೋಗಿದ್ದರೂ ಮನೆಯ ನಂಬರ್ ಅವನಿಗೆ ಸಿಗುತ್ತಿರಲಿಲ್ಲ. ತಾತನ 18 ಆಗಲೇ ಯಾರಿಗೂ ಕೊಡದಂತೆ ಎತ್ತಿಟ್ಟಾಗಿತ್ತು. ಈಲೈನ 10ನ್ನೂ ಹಿಂದಿನ ವರ್ಷವಷ್ಟೇ ಎತ್ತಿಟ್ಟಿದ್ದರು.